ನುಡಿಹಬ್ಬಕ್ಕೆ ಯಾವ ದಿನ?

ಎಸ್ಪೆರಾಂತೊ ಆಡುವವರಿಗೆ ರಾಜ್ಯವಿಲ್ಲ, ಗಡಿಯಿಲ್ಲ, ಧ್ವಜಾರೋಹಣಕ್ಕೆ ಬರುವ ಉಸ್ತುವಾರಿ ಸಚಿವರೂ ಇಲ್ಲ. ಆದರೂ ಅವರಿಗೆ ಹಬ್ಬಗಳಿವೆ. ಕಣ್ಣಿನ ವೈದ್ಯ ಜಾಮೆನ್‌ಹಾಫ್ ತಾನು ಕಟ್ಟಿದ ಭಾಷೆಯ ಮೊದಲ ಪುಸ್ತಕವನ್ನು 1887ರಲ್ಲಿ ವಾರ್ಸಾದಲ್ಲಿ ಹೊರತಂದ ಜುಲೈ 26 ಒಂದು. ಅವನು 1859ರಲ್ಲಿ ಹುಟ್ಟಿದ ಡಿಸೆಂಬರ್ 15 ಇನ್ನೊಂದು. ವ್ಯಕ್ತಿಪೂಜೆ ಒಲ್ಲದವರು ಈ ಹುಟ್ಟುಹಬ್ಬವನ್ನು ಪುಸ್ತಕದ ದಿನವಾಗಿ ತಿರುಗಿಸಿಕೊಂಡಿದ್ದಾರೆ. ಅಂದು ತಮ್ಮ ಭಾಷೆಯ ಒಂದು ಪುಸ್ತಕವನ್ನಾದರೂ ಕೊಳ್ಳಬೇಕೆಂಬುದು ಅವರ ರೂಢಿ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಸೀಮೆಯಲ್ಲಿ ಕನ್ನಡದ ಹಬ್ಬ ಯಾವುದೆಂದರೆ ಎಲ್ಲರೂ ನವೆಂಬರ್ 1 ಎನ್ನುತ್ತಾರೆ. ಆ ದಿನ ಹುಟ್ಟಿದ್ದು ಕಾಯ್ದೆಯ ಹೊಟ್ಟೆಯಲ್ಲಿ. ರಾಜ್ಯ ಪುನರ್ವಿಂಗಡಣಾ ಕಾಯ್ದೆ 1956ರ ನವೆಂಬರ್ 1ರಂದು ಜಾರಿಗೆ ಬಂತು; ಕೇರಳಕ್ಕೂ ಹೊಸ ರೂಪದ ಆಂಧ್ರ ಪ್ರದೇಶಕ್ಕೂ ಅದೇ ಜನ್ಮದಿನ. ಕರ್ನಾಟಕವೆಂಬ ಹೆಸರು ಬಂದದ್ದು 1973ರ ಅದೇ ತಾರೀಖಿಗೆ. ಇದಕ್ಕಿಂತ ಹಿಂದೆ, 1924ರ ಡಿಸೆಂಬರ್‌ನಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗಲೇ ಬೆಳಗಾವಿಯಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತ್ತು. ಜನ ತಾವೇ ಕೂಡಿ ನಾಡನ್ನು ಕೇಳಿದ ಆ ದಿನಕ್ಕೆ ನಮ್ಮ ಹಬ್ಬಗಳ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಸರ್ಕಾರದ ದಿನವೆಂಬ ಕಾರಣಕ್ಕೆ ರಾಜ್ಯೋತ್ಸವವನ್ನು ಹಳಿಯುವುದು ನನಗೆ ಒಪ್ಪಿತವಲ್ಲ. ಎಸ್ಪೆರಾಂತೊದವರ ಜುಲೈ 26 ಕೂಡ ಆಗ ವಾರ್ಸಾವನ್ನು ಆಳುತ್ತಿದ್ದ ರಷ್ಯಾ ಚಕ್ರವರ್ತಿಯ ಸೆನ್ಸಾರು ಆ ಪುಸ್ತಕವನ್ನು ಹಂಚಲು ಅಪ್ಪಣೆ ಕೊಟ್ಟ ತಾರೀಖೇ. ಅಂದು ಜನ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು.

ಬೆಳಗಾವಿ ನಗರದಲ್ಲಿ ರಾಜ್ಯೋತ್ಸವದ ಅಬ್ಬರಕ್ಕೆ ಅರ್ಥವಿದೆ. ಒಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಕರಾಳ ದಿನ ಆಚರಿಸುವಾಗ ಚೆನ್ನಮ್ಮ ವೃತ್ತದಲ್ಲಿ ಕುಣಿಯುವ ಹುಡುಗರು ಉತ್ತರ ಕೊಡುತ್ತಿರುತ್ತಾರೆ. ಮಲಪ್ರಭೆಯ ದಂಡೆಯ ಊರುಗಳಲ್ಲಿ ಆ ಜಗಳವಿಲ್ಲ. ಕನ್ನಡವನ್ನು ಇಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಆದರೂ ಬೆಳಗಾವಿಯದೇ ಡಿಜೆ, ಅದೇ ಘೋಷಣೆ. ಎದುರು ಪೈಲವಾನನೇ ಇಲ್ಲದ ಅಖಾಡದಲ್ಲಿ ತೊಡೆ ತಟ್ಟಿದಂತೆ.

ಇದಕ್ಕೆ ಹೋಲಿಸಿದರೆ ಕಿತ್ತೂರು ಉತ್ಸವದ ಬೇರು ಗಟ್ಟಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೊಂದು ಗೆದ್ದ ದಿನವದು. ಜಾಗ ಇಲ್ಲಿಯದೇ, ಸತ್ತವರೂ ಇಲ್ಲಿಯವರೇ. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಬೈಲಹೊಂಗಲದಲ್ಲಿ ಆಕೆಯ ಸಮಾಧಿಯಿದೆ. ಆದರೆ ಆಕೆ ಕಾದಿದ್ದು ದತ್ತುಮಗನ ಹಕ್ಕಿಗೆ, ಸಂಸ್ಥಾನದ ಉಳಿವಿಗೆ. ಅದನ್ನು ಭಾಷೆಯ ಯುದ್ಧವಾಗಿ ಓದಿದ್ದು ಏಕೀಕರಣದ ಕಾಲದ ಉತ್ಸಾಹ. ವೇದಿಕೆಯ ಭಾಷಣಗಳು ಈ ಅಂತರವನ್ನು ಮುಚ್ಚಿಬಿಡುತ್ತವೆ, ಇದರಿಂದ ರಾಣಿಗೂ ಲಾಭವಿಲ್ಲ, ಕನ್ನಡಕ್ಕೂ ಇಲ್ಲ. ದೊಡ್ಡ ಗಾಯಕರನ್ನು ಕರೆಸುವ ಭರಾಟೆಯಲ್ಲಿ ಈ ಸೀಮೆಯ ಲಾವಣಿಯವರಿಗೆ ಸಂಜೆಯ ಒಳ್ಳೆಯ ಹೊತ್ತು ಸಿಗಬೇಕೆಂದು ಕೇಳುವುದು ಅತಿಯಾಸೆಯೇನಲ್ಲ. ಚೆನ್ನಮ್ಮನನ್ನೂ ಆಕೆಯ ಬಂಟ ಸಂಗೊಳ್ಳಿ ರಾಯಣ್ಣನನ್ನೂ ಜನರ ಬಾಯಲ್ಲಿ ಉಳಿಸಿದ್ದು ಆ ಲಾವಣಿಯವರೇ.

ಎಸ್ಪೆರಾಂತೊದವರ ಪುಸ್ತಕದ ದಿನಕ್ಕೆ ಹತ್ತಿರದ ದಿನ ನಮ್ಮಲ್ಲಿ ಬೇಕಾದರೆ ಸವದತ್ತಿ ತಾಲೂಕಿನ ಶಿರಸಂಗಿಗೇ ಹೋಗಬೇಕು. 1861ರಲ್ಲಿ ಹುಟ್ಟಿದ ಲಿಂಗರಾಜ ದೇಸಾಯಿ ತಮ್ಮ ಆಸ್ತಿಯನ್ನು ಹುಡುಗರ ಓದಿಗೆ ಮೃತ್ಯುಪತ್ರ ಬರೆದುಕೊಟ್ಟು 1906ರಲ್ಲಿ ಕಣ್ಣುಮುಚ್ಚಿದರು. ಜನವರಿ 10ರ ಅವರ ಜಯಂತಿ ಭಾವಚಿತ್ರಕ್ಕೆ ಹಾರ ಹಾಕುವುದರಲ್ಲೇ ಮುಗಿದರೆ, ಅಷ್ಟು ಆಸ್ತಿ ಬಿಟ್ಟುಹೋದವರಿಗೆ ಅದು ತೀರಾ ಅಗ್ಗದ ಗೌರವ. ಇತ್ತ ನವೆಂಬರ್‌ನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ರಿಯಾಯಿತಿ ಮಾರಾಟ ನಡೆಸುತ್ತದೆ. ಒಳ್ಳೆಯ ಕೆಲಸ, ಆದರೆ ಮೆರವಣಿಗೆಯ ಸಂಘಗಳಿಗೆ ಅದರ ಗೊಡವೆಯಿಲ್ಲ. ಡಿಜೆಗೆ ಎತ್ತಿದ ವಂತಿಗೆಯ ಕಾಲುಭಾಗದಿಂದ ಊರ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವ ಒಂದು ಸಂಘವಿದ್ದರೂ ಆ ಊರಿನ ರಾಜ್ಯೋತ್ಸವದ ಬಗ್ಗೆ ನಾನು ಬೇರೆಯೇ ವಿಮರ್ಶೆ ಬರೆಯುತ್ತಿದ್ದೆ.