ಕಲ್ಲು ಒಂದೇ, ದಾಖಲೆ ಎರಡು

ಬೀದರ ಸುತ್ತಲಿನ ಶಾಸನಗಳ ಅಂತರ್ಜಾಲ ಸೂಚಿಯೊಂದರ ಕೊಂಡಿಯನ್ನು ಗೆಳೆಯರೊಬ್ಬರು ಕಳಿಸಿದ್ದರು. ಚಿದ್ರಿಯ ಮನೆಯಲ್ಲಿ ಕೂತು ಎರಡು ರಾತ್ರಿ ತಡಕಾಡಿದೆ. ಶ್ರಮ ದೊಡ್ಡದು, ಎರಡು ಮಾತಿಲ್ಲ. ತೊಡಕಿರೋದು ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿದ ರೀತಿಯಲ್ಲಿ.

ಬಸವಕಲ್ಯಾಣದ ಶಕ 1248ರ ಸಂಸ್ಕೃತ ಶಾಸನವನ್ನೇ ತಗೊಳ್ರಿ. ಪಿ.ಬಿ. ದೇಸಾಯಿಯವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದು. ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ, ಗಲಭೆಯಿಂದ ನಿಂತಿದ್ದ ಶಿವಾಲಯದ ಪೂಜೆ ಸುಲ್ತಾನನ ಅಧಿಕಾರಿಗಳ ಒಪ್ಪಿಗೆಯಿಂದ ಮತ್ತೆ ಶುರುವಾದದ್ದನ್ನು ಅದು ಹೇಳುತ್ತದೆ. ಸೂಚಿಯಲ್ಲಿ ಇದು ಎರಡು ಸಲ ಬಂದಿದೆ: ‘ಕಲ್ಯಾಣ, ಶಕ 1248’ ಎಂದು ಒಮ್ಮೆ, ‘ಬಸವಕಲ್ಯಾಣ, ಕ್ರಿ.ಶ. 1326’ ಎಂದು ಇನ್ನೊಮ್ಮೆ. ಆದರೆ ‘ಸುಲ್ತಾನರ ಕಾಲ’ ಎಂದು ಹುಡುಕಿದರೆ ಒಂದೂ ಇಲ್ಲ! ಆ ಹುಡುಕಾಟ ಪಾರಸಿ-ಅರಬ್ಬಿ ಕೋಷ್ಟಕದೊಳಗಷ್ಟೇ ನಡೆಯುತ್ತದೆ. ಸಂಸ್ಕೃತದ್ದು ಬೇರೆ ಕೋಷ್ಟಕ. ಇದನ್ನು ನಂಬಿ ಬರೆಯುವವರು, ಆ ಕಾಲದಲ್ಲಿ ಇಲ್ಲಿ ದೇಗುಲದ ಶಾಸನವೇ ಇರಲಿಲ್ಲ ಅಂತ ಬರೆದುಬಿಟ್ಟರೆ ಆಶ್ಚರ್ಯವಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಇದೇ.

ಕಾಲದ ಲೆಕ್ಕವೂ ಹಂಗೇ. ಬೀದರ ಕೋಟೆಯ ಸೋಳಾ ಖಂಬ ಮಸೀದಿಯ ಹಿಜರಿ 827 ಅಂದ್ರೆ 1423ರ ಡಿಸೆಂಬರಿನಿಂದ 1424ರ ನವೆಂಬರಿನವರೆಗೆ. ಇಸವಿಗೆ ಒಂದೇ ಅಂಕಿಯ ಕಾಲಂ ಇಟ್ಟು 1423 ಬರೆದರೆ, 1424 ಎಂದು ಹುಡುಕುವವನ ಕೈಗೆ ಅದು ಸಿಗೋದಿಲ್ಲ. ಊರಿನ ಪಾಡು ಇನ್ನೂ ಕಷ್ಟ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯವು, ಆಮೇಲೆ ಉಸ್ಮಾನಾಬಾದಿಗೆ ಹೋದವು, 1982ರಿಂದ ಲಾತೂರಿನವು. ಹಳೇ ವರದಿಯ ‘ಜಿಲ್ಲೆ: ಬೀದರ’ವನ್ನು ಇವತ್ತಿನ ನಕಾಶೆಗೆ ಹೊಂದಿಸಹೋದರೆ ಊರೇ ಕಳೆದುಹೋಗುತ್ತದೆ.

ಇನ್ನೊಂದು ತಪ್ಪು, ವೆಬ್ ಕೆಲಸ ಬಲ್ಲವರಿಗೆ ತಕ್ಷಣ ಹೊಳೆಯುವಂಥದ್ದು. ಫೋಟೋ ಇಲ್ಲದ ಶಾಸನ ಪಟ್ಟಿಯಿಂದಲೇ ಮಾಯ. ಅಂದ್ರೆ ಇನ್ನರ್ ಜಾಯಿನ್ ಹಾಕಿದ್ದಾರೆ. ಲೆಫ್ಟ್ ಜಾಯಿನ್ ಬೇಕಿತ್ತು. ಎರಡು ಪ್ರಕಟಣೆ, ಮೂರು ಫೋಟೋ ಇದ್ದ ಶಾಸನವೋ ಆರು ಸಾಲಾಗಿ ಬರುತ್ತದೆ. ಮೇಲೆ ತೋರಿಸುವ ‘ಒಟ್ಟು ಶಾಸನಗಳು’ ಸಂಖ್ಯೆಯನ್ನು ಯಾರೂ ಉಲ್ಲೇಖಿಸದಿರಲಿ.

ಪ್ರತಿ ಕಲ್ಲಿಗೂ ಅದರದ್ದೇ ಒಂದು ಸಂಖ್ಯೆ ಕೊಟ್ಟು, ಭಾಷೆ, ಪ್ರಕಟಣೆ, ಫೋಟೋ, ಊರಿನ ಹಳೇ-ಹೊಸ ಹೆಸರು ಎಲ್ಲವನ್ನೂ ಆ ಸಂಖ್ಯೆಗೇ ಕಟ್ಟಬೇಕು. ನನ್ನ ಎಕ್ಸೆಲ್ ಹಾಳೆಯಲ್ಲೂ ಇದೇ ತಪ್ಪಿತ್ತು. ತಿದ್ದಲು ಒಂದು ಬೇಸಿಗೆ ಹಿಡಿಯಿತು. ಕೋಡ್ ಬರೆದದ್ದು ಎರಡೇ ದಿನ. ಉಳಿದದ್ದೆಲ್ಲ, ಎರಡು ನಮೂದುಗಳು ಒಂದೇ ಕಲ್ಲಿನವೋ ಅಲ್ಲವೋ ಅಂತ ಪಾಠಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿದ್ದು.