ಮೂರು ಚದರದ ಲೆಕ್ಕ

ಹನ್ನೆರಡು ಚದರದ ಮನೆ ಕಟ್ಟಿಸಬೇಕು ಎಂದು ಹೋದವರಿಗೆ ಕಾಂಟ್ರಾಕ್ಟರು ಕುರ್ಚಿ ಎಳೆದು ಕೊಟ್ಟು ಕಾಫಿ ತರಿಸುತ್ತಾರೆ. ಮೂರು ಚದರ ಎಂದವರನ್ನು ನಿಂತಲ್ಲೇ ಮಾತಾಡಿಸಿ ಕಳಿಸುತ್ತಾರೆ. ಸಾಲದ್ದಕ್ಕೆ ಚದರಕ್ಕೆ ದೊಡ್ಡ ಮನೆಗಿಂತ ಹೆಚ್ಚಿನ ರೇಟು ಬೇರೆ. ತೋಟದಲ್ಲೊಂದು ಸೂರು ಬೇಕೆಂದವರು, ಮಕ್ಕಳು ಊರು ಬಿಟ್ಟ ಮೇಲೆ ಇಬ್ಬರಿಗೆ ಇಷ್ಟು ಸಾಕಪ್ಪ ಎಂದುಕೊಂಡವರು, ಹಿತ್ತಲಲ್ಲಿ ಓದು ಬರಹಕ್ಕೊಂದು ಜಾಗ ಮಾಡಿಕೊಳ್ಳಲು ಹೊರಟವರು, ಎಲ್ಲರಿಗೂ ಇದು ಅವಮಾನದಂತೆ ಕಾಣುತ್ತದೆ. ‘ಬಿಡ್ರಿ, ನಾನೇ ಕಟ್ಕೊಳ್ತೀನಿ’ ಎಂದು ತಿರುಗಿ ಬರುತ್ತಾರೆ. ಚಿಕ್ಕ ಮನೆಯನ್ನು ತಾನೇ ಕಟ್ಟುವುದೋ ಬೇರೆಯವರಿಂದ ಕಟ್ಟಿಸುವುದೋ ಎಂಬ ತೀರ್ಮಾನ ನಮ್ಮಲ್ಲಿ ಬಹುಪಾಲು ಆಗುವುದು ಹೀಗೆ, ಸಿಟ್ಟಿನಲ್ಲಿ.

ಆದರೆ ಕಾಂಟ್ರಾಕ್ಟರ ಲೆಕ್ಕ ಸುಳ್ಳೇನಲ್ಲ. 15 ಅಡಿ ಅಗಲ, 20 ಅಡಿ ಉದ್ದದ ಮನೆ ಮೂರು ಚದರ. ಬೆಂಗಳೂರಿನವರ ಬಾಯಲ್ಲಿರುವ ಥರ್ಟಿ-ಫಾರ್ಟಿ ಹನ್ನೆರಡು ಚದರ. ನೆಲ ನಾಲ್ಕು ಪಟ್ಟಾಯಿತು. ಸುತ್ತಲ ಗೋಡೆ ಮಾತ್ರ 70 ಅಡಿಯಿಂದ 140ಕ್ಕೆ ಹೋಯಿತು, ಬರೀ ಎರಡು ಪಟ್ಟು. ಅಂದರೆ ಮನೆ ಚಿಕ್ಕದಾದಷ್ಟೂ ಒಂದೊಂದು ಚದರ ನೆಲಕ್ಕೆ ಹೆಚ್ಚು ಗೋಡೆ ಬೀಳುತ್ತದೆ. ಇನ್ನು ಕಕ್ಕಸು, ಬಚ್ಚಲು, ಅಡುಗೆ ಕಟ್ಟೆ, ಸಂಪು, ಪಿಟ್ಟು, ಕರೆಂಟಿನ ಮೀಟರು, ಮುಂಬಾಗಿಲು ಇವೆಲ್ಲ ಮೂರು ಚದರಕ್ಕೂ ಬೇಕು, ಹನ್ನೆರಡಕ್ಕೂ ಬೇಕು. ಇಬ್ಬರಿಗೆ ಮಾಡುವ ಹಬ್ಬದಡುಗೆಯ ಹಾಗೆ: ಅಕ್ಕಿ ಬೇಳೆ ಕಡಿಮೆಯಾದೀತು, ಒಲೆ ಉರಿಯುವ ಹೊತ್ತು ಕಡಿಮೆಯಾಗದು. ಇಷ್ಟಾಗಿಯೂ ಯಾರಾದರೂ ದೊಡ್ಡ ಮನೆಯ ರೇಟಿಗೇ ಚಿಕ್ಕದನ್ನು ಕಟ್ಟಿಕೊಡುತ್ತೇನೆ ಎಂದರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಕಮ್ಮಿಯಾದದ್ದನ್ನು ಅವರು ಎಲ್ಲಾದರೂ ಹೊಂದಿಸಿಕೊಳ್ಳಲೇಬೇಕಲ್ಲ?

ಹಾಗಾದರೆ ನಾವೇ ಕಟ್ಟುವುದು? ಈ ಹಂಬಲಕ್ಕೆ ಅಮೆರಿಕದ ವಿಡಿಯೋಗಳು ಈಗ ಚೆನ್ನಾಗಿ ತುಪ್ಪ ಸುರಿಯುತ್ತಿವೆ. ಅಲ್ಲಿ ಡೀ ವಿಲಿಯಮ್ಸ್ ಎಂಬಾಕೆ 2004ರಲ್ಲಿ ಸ್ವತಃ ಕಟ್ಟಿಕೊಂಡ ಗಾಲಿಯ ಮೇಲಿನ ಮನೆ 84 ಚದರಡಿ, ನಮ್ಮ ಲೆಕ್ಕದಲ್ಲಿ ಒಂದು ಚದರವೂ ಅಲ್ಲ. ಆಕೆಗಿಂತ ಬಹಳ ಮುಂಚೆ, 1845ರಲ್ಲಿ, ಹೆನ್ರಿ ಡೇವಿಡ್ ಥೋರೊ ವಾಲ್ಡನ್ ಕೊಳದ ದಡದಲ್ಲಿ 10×15 ಅಡಿಯ ಮನೆ ಕಟ್ಟಿಕೊಂಡ. ಖರ್ಚನ್ನು ಪೈಸೆ ಪೈಸೆ ಬರೆದಿಟ್ಟ ಪುಣ್ಯಾತ್ಮ ಆತ. ಮೊತ್ತ 28 ಡಾಲರು ಹನ್ನೆರಡೂವರೆ ಸೆಂಟು. ಹಲಗೆಗೆ ರೈಲು ಹಾದಿಯ ಕೂಲಿಯವನೊಬ್ಬನ ಗುಡಿಸಲನ್ನೇ ಕೊಂಡು ಬಿಚ್ಚಿದ. ಸಾವಿರ ಇಟ್ಟಿಗೆ ಕೊಂಡದ್ದೂ ಹಳೆಯವೇ, ನಾಲ್ಕು ಡಾಲರಿಗೆ. ಸೀಮೆಸುಣ್ಣಕ್ಕೆ ಒಂದು ಸೆಂಟು ಕೊಟ್ಟದ್ದೂ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇಲ್ಲದವುಗಳಲ್ಲಿ ದೊಡ್ಡವು ಎರಡು: ಅವನ ಮೈಗೆಲಸದ ಕೂಲಿ, ಸ್ನೇಹಿತ ಎಮರ್ಸನ್‌ಗೆ ಸೇರಿದ ಜಾಗದ ಬೆಲೆ. ಕೈಯಾರೆ ಮನೆ ಕಟ್ಟಿದೆ, ಇಷ್ಟೇ ಇಷ್ಟು ಖರ್ಚಾಯಿತು ಎಂದು ಯಾರೇ ಹೇಳಲಿ, ನಾನು ಮೊದಲು ಹುಡುಕುವುದು ಈ ಎರಡು ಸಾಲುಗಳನ್ನು. ಚೌಕಟ್ಟು ಎತ್ತಿ ನಿಲ್ಲಿಸಿದ ದಿನ ಥೋರೊಗೂ ಕೆಲವು ಪರಿಚಯಸ್ಥರು ಕೈಜೋಡಿಸಿದ್ದರು. ಅವರ ಅಗತ್ಯವೇನೂ ಇರಲಿಲ್ಲ, ನೆರೆಹೊರೆಯ ಸ್ನೇಹಕ್ಕೆಂದು ಕರೆದೆ ಎನ್ನುತ್ತಾನೆ. ಹೇಳಲಿ ಬಿಡಿ.

ಆ ಮನೆಗಳು ಮರದವು ಎಂಬುದನ್ನು ನಾವು ಮರೆಯುತ್ತೇವೆ. ಹಲಗೆ ಕೊಯ್ದು ಅರ್ಧಕ್ಕೆ ಬಿಟ್ಟು ಹೋದರೆ ಮುಂದಿನ ಭಾನುವಾರದವರೆಗೂ ಅದು ಹಲಗೆಯಾಗಿಯೇ ಇರುತ್ತದೆ. ಒಬ್ಬಂಟಿಯ ಕೆಲಸಕ್ಕೆ ಮರ ಒಗ್ಗುತ್ತದೆ. ನಮ್ಮ ಗೋಡೆ ಒದ್ದೆ ಗೋಡೆ. ನೀರು ಬಿದ್ದ ಅರ್ಧ ಗಂಟೆಯ ಮೇಲೆ ಸಿಮೆಂಟು ಯಾವಾಗ ಬೇಕಾದರೂ ಬಿಗಿಯಲು ಶುರುವಾದೀತು; ಕಲಸಿದ್ದನ್ನು ಬೇಗ ಮುಗಿಸಬೇಕು. ಒಬ್ಬರು ಕಲಸಬೇಕು, ಒಬ್ಬರು ಬಾಂಡ್ಲಿಯಲ್ಲಿ ತಂದುಕೊಡಬೇಕು, ಒಬ್ಬರು ನೆನೆಸಿದ ಇಟ್ಟಿಗೆ ಎತ್ತಿಕೊಡಬೇಕು, ಮೇಸ್ತ್ರಿ ಕರಣೆ ಆಡಿಸುತ್ತಿರಬೇಕು. ಒಬ್ಬರೇ ಈ ನಾಲ್ಕೂ ಆದರೆ ಮಧ್ಯಾಹ್ನದ ಹೊತ್ತಿಗೆ ಬಾಂಡ್ಲಿಯಲ್ಲಿ ಕಲ್ಲು, ಸೊಂಟದಲ್ಲಿ ನೋವು. ರಜೆ ಹಾಕಿ ಗೋಡೆ ಕಟ್ಟುತ್ತೇನೆ ಎನ್ನುವ ಗೆಳೆಯರನ್ನು ನಾನು ನೇರವಾಗಿಯೇ ತಡೆಯುತ್ತೇನೆ.

ನನ್ನ ಮಾತು ಇಷ್ಟೇ: ಇಟ್ಟಿಗೆಯನ್ನು ಯಾರು ಇಡುತ್ತಾರೆ ಎಂಬುದು ಇಲ್ಲಿ ಮುಖ್ಯವಲ್ಲ. ಸಾಮಾನು ಯಾರು ತರುತ್ತಾರೆ, ಕೆಲಸದ ಹೊತ್ತಿನಲ್ಲಿ ಯಾರು ನಿಂತಿರುತ್ತಾರೆ ಎಂಬುದರ ಮೇಲೆ ಮನೆ ನಿಮ್ಮದೋ ಕಾಂಟ್ರಾಕ್ಟರದೋ ಎಂದು ತೀರ್ಮಾನವಾಗುತ್ತದೆ. ಸಾಮಾನು ಸಮೇತ ಕಾಂಟ್ರಾಕ್ಟು ಕೊಡಬಹುದು, ಬರೀ ಲೇಬರ್ ಕಾಂಟ್ರಾಕ್ಟು ಕೊಡಬಹುದು, ದಿನಗೂಲಿಗೆ ಕರೆಯಬಹುದು. ದಿನಗೂಲಿಗೆ ಕೊನೆಯಿಲ್ಲ. ಸಾಮಾನು ಸಮೇತ ಕೊಟ್ಟರೆ ಚಿಕ್ಕ ಮನೆಗೆ ಮೇಲೆ ಹೇಳಿದ ಲೆಕ್ಕ ಅಡ್ಡ ಬರುತ್ತದೆ. ಮೂರು ಚದರಕ್ಕೆ ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಹಿಡಿದು ಲೇಬರ್ ಕೊಟ್ಟು, ಇಟ್ಟಿಗೆ, ಸಿಮೆಂಟು, ಕಬ್ಬಿಣ, ಜಲ್ಲಿ, ಮರಳು ನಾವೇ ತರುವುದು ಸರಿ ಎಂದು ನನ್ನ ಮತ. ಸಾಮಾನಿನ ಮೊತ್ತ ಅಷ್ಟೇನೂ ದೊಡ್ಡದಲ್ಲ, ಗೋದಾಮು ಬೇಡ, ಲೆಕ್ಕ ಒಂದು ನೋಟ್‌ಬುಕ್ಕಿಗೆ ಮುಗಿಯುತ್ತದೆ.

ಒಳ್ಳೆಯ ಮೇಸ್ತ್ರಿಯನ್ನು ಗುರುತಿಸುವುದು ಹೇಗೆ? ಮನೆಗಳನ್ನು ತೋರಿಸಿ ಎಂದು ಕೇಳಬೇಡಿ. ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಪಾಯದ ಗುರುತು ಹಾಕುವ ದಿನ ಪಕ್ಕದಲ್ಲಿ ನಿಲ್ಲಿ. ನಾಲ್ಕು ಗೂಟ ಹೊಡೆದು ದಾರ ಎಳೆದಮೇಲೆ ಬಲ್ಲವರು ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು ಗುರುತು ಮಾಡಿ, ನಡುವಿನ ಓರೆ ಐದಡಿ ಬರುತ್ತದೆಯೇ ನೋಡುತ್ತಾರೆ. ಬಂದರೆ ಮೂಲೆಮಟ್ಟ ಸರಿ. 15×20ರ ಮನೆಯ ಸೊಗಸು ಏನೆಂದರೆ ಇಡೀ ಮನೆಯೇ ಆ ಲೆಕ್ಕದ್ದು. ಎದುರುಬದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 25 ಅಡಿ ಬರಬೇಕು, ಎರಡೂ ಕಡೆಯಿಂದ. ಆಮೇಲೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮೂಲೆಯಿಂದ ಮೂಲೆಗೆ ಮಟ್ಟ ಒಯ್ಯುತ್ತಾರೆ. ಪೈಪಿನೊಳಗೆ ಗಾಳಿಯ ಗುಳ್ಳೆ ಉಳಿದಿದೆಯೇ ಎಂದು ಹೆಬ್ಬೆರಳಲ್ಲಿ ತಟ್ಟಿ, ನೀರು ಅಲುಗಾಟ ನಿಲ್ಲಿಸುವವರೆಗೆ ಕಾದು, ಆಮೇಲೆ ಪೆನ್ಸಿಲ್ ಗೀರು ಎಳೆಯುವವರನ್ನು ಬಿಡಬೇಡಿ. ‘ಸಾರ್, ಪ್ಲಾಸ್ಟರಿಂಗ್‌ನಲ್ಲಿ ಅಡ್ಜಸ್ಟ್ ಮಾಡೋಣ’ ಎಂದು ಅಲ್ಲೇ ಶುರುಮಾಡಿದವರಿಗೆ ಆ ದಿನದ ಕೂಲಿ ಕೊಟ್ಟು ಕೈಮುಗಿಯಿರಿ.

ಇನ್ನೊಂದು ತೀರ್ಮಾನವನ್ನು ಮನೆಯ ಮೇಲ್ಛಾವಣಿಯೇ ಮಾಡುತ್ತದೆ. ಆರ್‌ಸಿಸಿ ಮೋಲ್ಡ್ ಹಾಕುವುದಾದರೆ ಮೂರು ಚದರಕ್ಕೆ, ಐದಿಂಚು ದಪ್ಪಕ್ಕೆ, 125 ಘನ ಅಡಿ ಕಾಂಕ್ರೀಟು. ಸಿಮೆಂಟೇ ಸುಮಾರು 28 ಮೂಟೆ. ಎಲ್ಲವೂ ಒಂದೇ ದಿನ ಬೀಳಬೇಕು. ಸೆಂಟ್ರಿಂಗ್‌ನವರು, ಬಾರ್ ಬೆಂಡರು, ಮಿಕ್ಸರು, ವೈಬ್ರೇಟರು, ಹತ್ತಾರು ಆಳು. ಇಲ್ಲಿ ಸ್ವಂತ ಸಾಹಸ ಬೇಡ. ಕಂಬಿ ಎಲ್ಲಿ ಮೇಲಿರಬೇಕು, ಎಲ್ಲಿ ಕೆಳಗಿರಬೇಕು ಎಂದು ಇಂಜಿನಿಯರು ಬಂದು ನೋಡಿದ ಮೇಲೆಯೇ ಕಾಂಕ್ರೀಟು. ಹೆಂಚಿನ ಮಾಡಾದರೆ ಕಥೆಯೇ ಬೇರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಹೆಂಚು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತ ಬಂದಿದೆ. ಕಬ್ಬಿಣದ ಪೈಪಿನ ಚೌಕಟ್ಟನ್ನು ವೆಲ್ಡರು ನಿಲ್ಲಿಸಿಕೊಟ್ಟು ಹೋದರೆ ಹೆಂಚು ಹೊದಿಸುವುದು ಮನೆಮಂದಿಯ ಕೆಲಸವೇ. ಕೈಯಾರೆ ಏನಾದರೂ ಮಾಡಲೇಬೇಕೆಂಬ ತುಡಿತ ಇದ್ದವರಿಗೆ ನಾನು ಹೇಳುವುದು ಹೆಂಚಿನ ಮಾಡನ್ನೇ. ಮಳೆಗಾಲ ಕಳೆದ ಮೇಲೆ ಒಡೆದ ನಾಲ್ಕು ಹೆಂಚು ಬದಲಿಸುವ ಪಾಠವೂ ಅಲ್ಲೇ ಆಗಿರುತ್ತದೆ.

ಗೋಡೆಯ ವಿಷಯದಲ್ಲಿ ಲಾರಿ ಬೇಕರ್ ಹೆಸರು ಹೇಳದೆ ಮುಂದೆ ಹೋಗಲಾಗದು. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದವರೇ ಆಗಿಹೋದ ಈ ವಾಸ್ತುಶಿಲ್ಪಿ ಕಟ್ಟುವ ಜಾಗದಲ್ಲೇ ನಿಂತು, ಗಾರೆಯವರ ಜೊತೆ ಮಾತಾಡುತ್ತ, ಅಲ್ಲೇ ತಿದ್ದುತ್ತ ಮನೆ ಎಬ್ಬಿಸಿದವರು. ಅವರು ಬಳಕೆಗೆ ತಂದ ರ‍್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುತ್ತಾರೆ. ನಾಲ್ಕರಲ್ಲೊಂದು ಪಾಲಿನಷ್ಟು ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪು. ಸಾಮಾನು ಸಮೇತ ವಹಿಸಿಕೊಂಡ ಕಾಂಟ್ರಾಕ್ಟರು ಇದಕ್ಕೆ ಒಪ್ಪುವುದು ಅಪರೂಪ, ಏಕೆಂದರೆ ಕೆಲಸ ನಿಧಾನ, ಇಟ್ಟಿಗೆಯ ಅಂಚು ನೇರ ಇರಬೇಕು. ಮಣ್ಣಿನ ಬ್ಲಾಕಿನದೂ ಇದೇ ಪಾಡು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ (ASTRA) ಎಂಬ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತಿತರರು ಅದನ್ನು ಪಳಗಿಸಿದರು. ಕೆಂಪು ಮಣ್ಣಿಗೆ ಅಷ್ಟಿಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ, ನೀರುಣಿಸಿ ಗಟ್ಟಿ ಮಾಡುವ ಬ್ಲಾಕು. ಪಾಯ ತೋಡಿದ ಮಣ್ಣೇ ಗೋಡೆಯಾಗುವ ಸಾಧ್ಯತೆ ಇರುವುದು ಚಿಕ್ಕ ಮನೆಗೆ, ಅದೂ ಯಜಮಾನರೇ ಮುಂದೆ ನಿಂತಿದ್ದರೆ. ಎರೆಮಣ್ಣಿನ ಸೀಮೆಯವರು ಮಾತ್ರ ಈ ಆಸೆ ಬಿಡಬೇಕು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅಲ್ಲಿ ಪಾಯವನ್ನು ಕೂಡ ಇಂಜಿನಿಯರನ್ನು ಕೇಳಿಯೇ ತೋಡಬೇಕು.

ಕೈಯಾರೆ ಮಾಡಲು ನಮಗೆ ಉಳಿಯುವ ದೊಡ್ಡ ಕೆಲಸ ನೀರುಣಿಸುವುದು. ಅದರಲ್ಲಿ ಹೆಸರಿಲ್ಲ, ಫೋಟೋ ಇಲ್ಲ. ಮೇಸ್ತ್ರಿ ಬೇರೆ ಸೈಟಿಗೆ ಹೋದ ದಿನ ಆಳೂ ಬರುವುದಿಲ್ಲ, ಗೋಡೆ ಒಣಗಿ ಬೆಳ್ಳಗಾಗುತ್ತದೆ. ಈಗ ಅಂಗಡಿಯಲ್ಲಿ ಹೆಚ್ಚು ಸಿಗುವ ಪಿಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ, ಬಿರುಬಿಸಿಲಲ್ಲಿ 14 ದಿನ ನೀರು ಬೇಕೆಂದು ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಕಂಬಕ್ಕೆ ಗೋಣಿ ಸುತ್ತಿ ನೆನೆಸಿ. ಎರಡನೆಯ ಕೆಲಸ, ಲಾರಿ ಬಂದಾಗ ಎದುರಿಗೆ ಇರುವುದು. ಎಂ-ಸ್ಯಾಂಡ್ ಹೆಸರಿನಲ್ಲಿ ಕ್ರಷರ್ ಡಸ್ಟ್ ಇಳಿಸಿ ಹೋಗುವವರಿದ್ದಾರೆ. ಒಂದು ಚಿಟಿಕೆ ಒದ್ದೆ ಮಾಡಿ ಅಂಗೈಯಲ್ಲಿ ತಿಕ್ಕಿ: ಹರಳು ಚುಚ್ಚಿದರೆ ಸರಿ, ಬೂದುಬಣ್ಣದ ಕೆಸರು ಮೆತ್ತಿಕೊಂಡರೆ ಲಾರಿಯನ್ನು ಹಾಗೇ ತಿರುಗಿಸಿ.

ಬೆಂಗಳೂರಿನಲ್ಲಿ ಕೆಲಸ, ಸಕಲೇಶಪುರದಲ್ಲಿ ಜಾಗ, ತಿಂಗಳಿಗೊಂದು ಸಲ ಹೋಗಿ ಬರುವವರಿಗೆ ಇದಾವುದೂ ಅನ್ವಯಿಸುವುದಿಲ್ಲ. ಅವರು ಹೆಚ್ಚಿನ ರೇಟಿಗೆ ಗೊಣಗದೆ ಕಾಂಟ್ರಾಕ್ಟರಿಗೆ ಕೊಡಲಿ. ಆ ಹೆಚ್ಚಿನ ಹಣ ಅವರ ಬದಲು ಅಲ್ಲಿ ನಿಂತವರ ಕೂಲಿ.

ಲೇಬರ್ ಕೊಡುವವರು ಮಾತ್ರ ಗುದ್ದಲಿ ಪೂಜೆಗೆ ಮುಂಚೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸಾರುವೆಯ ಮರ, ಸೆಂಟ್ರಿಂಗ್ ಶೀಟು, ಮಿಕ್ಸರು, ವೈಬ್ರೇಟರು ಇವುಗಳ ಬಾಡಿಗೆ ಯಾರದು? ಸಂಪು, ಪಿಟ್ಟು, ಮೆಟ್ಟಿಲು, ಸಜ್ಜಾ ಇವು ಚದರದ ರೇಟಿನೊಳಗೋ ಹೊರಗೋ? ಅಳತೆ ಗೋಡೆಯ ಹೊರಗಿನಿಂದಲೋ ಒಳಗಿನಿಂದಲೋ? ದುಡ್ಡನ್ನು ಪಾಯ, ಲಿಂಟಲ್, ಮಾಡು, ಪ್ಲಾಸ್ಟರಿಂಗ್ ಎಂದು ಹಂತ ಮಾಡಿ, ಕೊನೆಯ ಕಂತನ್ನು ಬಚ್ಚಲಿನ ನೀರು ತೂಬಿನ ಕಡೆಗೇ ಹರಿಯುತ್ತದೆಯೇ ಎಂದು ಒಂದು ಬಕೆಟ್ ಸುರಿದು ನೋಡಿದ ಮೇಲೆ ಕೊಡಿ.