ಎರಡನೇ ಮನೆ ಅಂತ ಬರೆಯುವ ಮಕ್ಕಳು

ಕೆಲಸ ಬಿಡುವವರು ಕೊನೆಯ ದಿನ ಕಳಿಸುವ ಮೇಲ್ ನೀವೂ ಓದಿರ್ತೀರಿ. ಸಂಜೆ ನಾಲ್ಕರ ಹೊತ್ತಿಗೆ ಬರುತ್ತೆ. ಅದ್ಭುತ ಪಯಣ, ಕಲಿತದ್ದು ಅಪಾರ, ಈ ತಂಡವೇ ನನ್ನ ಕುಟುಂಬ, ಸಂಪರ್ಕದಲ್ಲಿರೋಣ. ಹಿಂದಿನ ವಾರ ಕ್ಯಾಂಟೀನಿನಲ್ಲಿ ಅದೇ ಮನುಷ್ಯ ಅದೇ ತಂಡದ ಬಗ್ಗೆ ಹೇಳಿದ್ದು ಬೇರೆಯೇ ಇರುತ್ತೆ. ಹಾಗಂತ ಮೇಲ್ ಪೂರ್ತಿ ಸುಳ್ಳಲ್ಲ. ಅದನ್ನು ಓದುವವರ ಪಟ್ಟಿಯಲ್ಲಿ ಮ್ಯಾನೇಜರ್ ಇರ್ತಾರೆ, ಎಚ್‌ಆರ್ ಇರ್ತಾರೆ, ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿರೋದಿಲ್ಲ. ಹಾಗಾಗಿ ಅದನ್ನು ಬರಹ ಅನ್ನೋದಕ್ಕಿಂತ ಹೊರಡುವ ಮುಂಚಿನ ನಮಸ್ಕಾರ ಅನ್ನಬಹುದು.

ಇದೇ ನಮಸ್ಕಾರವನ್ನು ಹದಿನೇಳು ವರ್ಷದ ಮಕ್ಕಳು ಎಷ್ಟು ಚೆನ್ನಾಗಿ ಮಾಡ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ದಕ್ಷಿಣ ಕೊಡಗಿನ ಒಂದು ಖಾಸಗಿ ವಸತಿ ಶಾಲೆಯ ವಾರ್ಷಿಕ ಸಂಚಿಕೆಯಿಂದ. ಸಹೋದ್ಯೋಗಿಯೊಬ್ಬರ ಮಗಳು 2025ರಲ್ಲಿ ಅಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದಳು. ನಾನು ಶನಿವಾರಸಂತೆ ಕಡೆಯವನು ಅಂತ ಗೊತ್ತಿದ್ದ ಅವರು, "ನಿಮ್ಮೂರಿನ ಕಡೆಯದ್ದೇ, ಓದಿ" ಅಂತ ಕೊಟ್ಟರು. ಹೊಳೆಯುವ ಕಾಗದ, ಒಳ್ಳೆ ಫೋಟೋಗಳು. ಕೊನೆಯ ಭಾಗದಲ್ಲಿ ಶಾಲೆ ಬಿಡುವ ಮಕ್ಕಳ ನೆನಪುಗಳು, ಒಬ್ಬೊಬ್ಬರಿಗೆ ಅರ್ಧ ಪುಟ. ಎರಡು ಸಂಜೆ ಕೂತು ಎಲ್ಲವನ್ನೂ ಓದಿದೆ.

ಒಂದೊಂದಾಗಿ ಓದಿದರೆ ಮುದ್ದಾಗಿವೆ. ಒಟ್ಟಿಗೆ ಓದಿದರೆ ಅವೆಲ್ಲ ಒಂದೇ ಬರಹ. ಮೊದಲ ದಿನ ಅಪ್ಪ ಅಮ್ಮ ಕಾರು ಹತ್ತಿದಾಗ ಅತ್ತೆ. ಆಮೇಲೆ ಗೆಳೆಯರು ಸಿಕ್ಕರು, ಅಣ್ಣ ತಮ್ಮಂದಿರಾದರು. ಟೀಚರ್‌ಗಳು ತಂದೆ ತಾಯಿಯಾದರು. ಶಿಸ್ತು, ಸ್ವಾವಲಂಬನೆ ಕಲಿತೆ. ಇದು ನನ್ನ ಎರಡನೇ ಮನೆ. ಈಗ ಅಳುತ್ತಾ ಹೊರಟಿದ್ದೇನೆ. ಎರಡು ಅಳುವಿನ ಮಧ್ಯೆ ಇರೋ ಏಳು ವರ್ಷ ಏನಾಯ್ತು ಅಂತ ಹುಡುಕಿದರೆ ಬಹುಮಾನಗಳ ಪಟ್ಟಿ ಸಿಗುತ್ತೆ, ವರ್ಷಗಳು ಸಿಗೋದಿಲ್ಲ.

ನನ್ನ ತಕರಾರು ಭಾವುಕತೆಯ ಮೇಲಲ್ಲ. ಆರನೇ ಕ್ಲಾಸಿನಿಂದ ಹನ್ನೆರಡರವರೆಗೆ ಒಂದೇ ಡಾರ್ಮಿಟರಿಯಲ್ಲಿ ಮಲಗಿ ಎದ್ದವರು ಬೇರೆಯಾಗುವಾಗ ಅಳದೇ ಇನ್ನೇನು ಮಾಡ್ತಾರೆ? ಆ ಸ್ನೇಹ ನಿಜ, ಅದು ಬಾಳುತ್ತೆ ಕೂಡ. ತಕರಾರು ಇರೋದು, ಈ ಬರಹಗಳು ಏನೇನನ್ನು ಹೊರಗಿಟ್ಟಿವೆ ಅನ್ನೋದರ ಮೇಲೆ.

ಲೆಕ್ಕ ಹಾಕಿ ನೋಡಿ. 2025ರಲ್ಲಿ ಶಾಲೆ ಮುಗಿಸಿದ ಈ ಬ್ಯಾಚ್ ಆರನೇ ಕ್ಲಾಸಿಗೆ ಸೇರಿದ್ದು 2018ರ ಜೂನ್‌ನಲ್ಲಿ. ಮನೆ ಬಿಟ್ಟು ಎರಡು ತಿಂಗಳು ತುಂಬಿತ್ತಷ್ಟೇ, ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅನ್ನೋ ಹೆಸರುಗಳನ್ನು ಇಡೀ ರಾಜ್ಯ ಟಿವಿಯಲ್ಲಿ ಕೇಳಿತು. ಮರುವರ್ಷ ಅದೇ ತಿಂಗಳು ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಜಾರಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಹಾಸ್ಟೆಲ್‌ಗಳು ಖಾಲಿಯಾದವು. ಮಕ್ಕಳಿಲ್ಲದ ಆ ಮಳೆಗಾಲದಲ್ಲೇ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಎಂಟನೇ ಕ್ಲಾಸಿನ ಬಹುಪಾಲು ಇವರು ಓದಿದ್ದು ಮೊದಲನೇ ಮನೆಯಲ್ಲೇ, ಮೊಬೈಲ್ ಹಿಡಿದುಕೊಂಡು.

ಇಷ್ಟೆಲ್ಲ ಕಂಡ ಬ್ಯಾಚ್ ಇದು. ಹತ್ತು ಹನ್ನೊಂದು ವರ್ಷದ ಮಕ್ಕಳು ರಾತ್ರಿ ಮಳೆ ಸದ್ದು ಕೇಳುತ್ತಾ ಏನಂದುಕೊಂಡರು? ಮನೆಗೆ ಫೋನ್ ಸಿಕ್ಕಿತಾ? ಕೊರೊನಾ ಕಾಲದಲ್ಲಿ ಮನೆಯಲ್ಲಿ ಅಷ್ಟು ತಿಂಗಳು ಇದ್ದು ಮತ್ತೆ ಹಾಸ್ಟೆಲ್ಲಿಗೆ ಬಂದಾಗ ಎರಡನೇ ಸಲ ಅತ್ತರಾ, ಅಥವಾ ಸದ್ಯ ತಪ್ಪಿಸಿಕೊಂಡೆ ಅನ್ನಿಸಿತಾ? ಸಂಚಿಕೆಯಲ್ಲಿ ಇದಕ್ಕೆ ಉತ್ತರ ಇಲ್ಲ. 'ಸವಾಲುಗಳ ನಡುವೆಯೂ' ಅನ್ನೋ ಎರಡು ಪದದಲ್ಲಿ ಗುಡ್ಡ ಕುಸಿತ, ಕೊರೊನಾ ಎರಡೂ ಮುಗಿದಿವೆ.

ಎರಡನೆಯದಾಗಿ, ಊರೇ ಇಲ್ಲ. ಹೆಸರು ತೆಗೆದರೆ ಇದು ಊಟಿಯೋ ಪಂಚಗನಿಯೋ ಹೇಳೋಕಾಗಲ್ಲ. ಮಂಜು, ಹಸಿರು, ಪ್ರಕೃತಿಯ ಮಡಿಲು. ಹೋಂಸ್ಟೇ ಜಾಹೀರಾತಿನಲ್ಲೂ ಇಷ್ಟೇ ಇರೋದು. ಏಳು ವರ್ಷ ಇಲ್ಲಿದ್ದವರಿಗೆ ಒಣಗದ ಸಾಕ್ಸ್ ಗೊತ್ತು, ಜಿಗಣೆ ಗೊತ್ತು, ತೋಟದಲ್ಲಿ ಆನೆ ಇದೆ ಅಂತ ಆಟ ನಿಲ್ಲಿಸಿದ ಸಂಜೆ ಗೊತ್ತು. ಬೋರ್ಡ್ ಪರೀಕ್ಷೆಯ ಹೊತ್ತಿಗೇ ಹೂಮಳೆ ಬೀಳುತ್ತೆ. ಅದಾಗಿ ವಾರ ಹತ್ತು ದಿನಕ್ಕೆ ಕಾಫಿ ತೋಟವಿಡೀ ಬೆಳ್ಳಗಾಗಿ ಘಮ್ಮನ್ನುತ್ತೆ. ಲೆಕ್ಕಪತ್ರ ಪರೀಕ್ಷೆಗೆ ಓದುತ್ತಾ ಆ ವಾಸನೆ ಕುಡಿದವರು ಇವರು. ಒಬ್ಬರೂ ಬರೆದಿಲ್ಲ.

ಇದರಲ್ಲಿ ತಪ್ಪು ಮಕ್ಕಳದ್ದಷ್ಟೇ ಅಲ್ಲ. ವಸತಿ ಶಾಲೆಯ ಕ್ಯಾಲೆಂಡರೇ ಅವರನ್ನು ಊರಿನಿಂದ ದೂರ ಇಡುತ್ತೆ. ಪುತ್ತರಿ ಬರೋದು ನವೆಂಬರ್ ಡಿಸೆಂಬರ್‌ನಲ್ಲಿ, ಆಗ ಗೇಟಿನ ಒಳಗೆ ಪಾಠ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯೋದು ಏಪ್ರಿಲ್ ಮೇನಲ್ಲಿ, ಅಷ್ಟೊತ್ತಿಗೆ ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿರ್ತಾರೆ. ಇಡೀ ಜಿಲ್ಲೆ ಮೈದಾನದಲ್ಲಿರುವಾಗ ಇವರಿಲ್ಲ.

ಮೂರನೆಯದು ಜನ. ಪ್ರಿನ್ಸಿಪಾಲರಿಗೆ, ಹೌಸ್ ಮಾಸ್ಟರ್‌ಗೆ ಧನ್ಯವಾದ ಇದೆ. ಅಡುಗೆಯವರು, ಆಯಾ, ಬಟ್ಟೆ ಒಗೆಯುವವರು, ರಾತ್ರಿ ಟಾರ್ಚ್ ಹಿಡಿದು ತಿರುಗುವ ವಾಚ್‌ಮನ್ 'ಸಹಾಯಕ ಸಿಬ್ಬಂದಿ' ಅನ್ನೋ ಪದದೊಳಗೆ ಸೇರಿಹೋಗಿದ್ದಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು, ಕನ್ನಡ ಇಷ್ಟೂ ಕೇಳಿಸುವ ಜಿಲ್ಲೆ ಇದು. ತರಗತಿಯಲ್ಲಿ ಇಂಗ್ಲಿಷು. ಈ ಮಾತುಗಳು ಮಗುವಿನ ಕಿವಿಗೆ ಬಿದ್ದಿದ್ದರೆ ಅಡುಗೆಮನೆಯಲ್ಲೇ ಬಿದ್ದಿರಬೇಕು. ಕೊನೆಯಲ್ಲಿ ಕನ್ನಡಕ್ಕೂ ನಾಲ್ಕು ಪುಟ ಕೊಟ್ಟಿದ್ದಾರೆ. ಅಲ್ಲಿರುವ ಕನ್ನಡ ಐದು ಅಂಕದ ಪ್ರಬಂಧದ ಕನ್ನಡ. ಶಾಲೆ ಜ್ಞಾನದೇಗುಲ, ಗುರು ದೇವರು.

ಇಡೀ ಸಂಚಿಕೆಯಲ್ಲಿ ನಾನು ನಿಂತು ಓದಿದ್ದು ಒಂದೇ ಪ್ಯಾರಾ. ಮಳೆಗಾಲದಲ್ಲಿ ಒದ್ದೆ ಸಾಕ್ಸ್‌ಗಳನ್ನು ಅಡುಗೆಮನೆ ಹಿಂದಿನ ನೀರೊಲೆ ಹತ್ತಿರ ಒಣಗಿಸೋಕೆ ಇಡ್ತಿದ್ದರಂತೆ. ಬೆಳಗ್ಗೆ ಅವು ಮಗುಚಿ ಹಾಕಿದ ಹಾಗೆ ಇರ್ತಿದ್ದವಂತೆ, ರೊಟ್ಟಿಯ ಥರ. ಯಾರು ಮಗುಚ್ತಾರೆ ಅಂತ ಆ ಹುಡುಗಿಗೆ ಒಂಬತ್ತನೇ ಕ್ಲಾಸಿನವರೆಗೆ ಗೊತ್ತೇ ಇರಲಿಲ್ಲ. ಅಡುಗೆಯ ಆಂಟಿ ನಾಲ್ಕೂವರೆಗೆ ಎದ್ದು ಒಲೆ ಹಚ್ಚುವಾಗ ಮಾಡ್ತಿದ್ದರು. ಅಷ್ಟೇ ಬರೆದಿದ್ದಾಳೆ. ಎರಡನೇ ಮನೆ ಅನ್ನೋ ಪದ ಆ ಬರಹದಲ್ಲಿಲ್ಲ. ಅದು ಯಾಕೆ ಮನೆಯಂತಿತ್ತು ಅಂತ ನನಗೆ ಅರ್ಥವಾಗಿದ್ದು ಅಲ್ಲಿ ಮಾತ್ರ.

ಸಣ್ಣ ವಯಸ್ಸಿನಲ್ಲಿ ಮನೆ ಬಿಡೋದು ಕೊಡಗಿಗೆ ಹೊಸತಲ್ಲ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ ಎಂಟನೇ ವಯಸ್ಸಿಗೆ ಕೂನೂರಿನ ಸೇಂಟ್ ಜೋಸೆಫ್ಸ್‌ಗೆ ಹೋದರು, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ಸ್. ಆಗ ಕೊಡಗಿನ ಮಕ್ಕಳು ಘಟ್ಟದಾಚೆ ಹೋಗ್ತಿದ್ದರು, ಈಗ ಆಚೆಯ ಮಕ್ಕಳು ಕೊಡಗಿಗೆ ಬರ್ತಾರೆ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಅವರು ಬೆಳೆದು ಏನಾದರು ಅನ್ನೋದು ಅಲ್ಲಿ ಎಲ್ಲರಿಗೂ ಕಾಣುತ್ತೆ. ಕೂನೂರಿನ ಮೊದಲ ರಾತ್ರಿ ಎಂಟು ವರ್ಷದ ಹುಡುಗನಿಗೆ ಏನನ್ನಿಸಿತು ಅನ್ನೋದು ಯಾವ ಪದಕದಲ್ಲೂ ಕಾಣೋದಿಲ್ಲ. ಯಶಸ್ಸಿನ ಕಥೆ ಬಾಲ್ಯವನ್ನು ಹಾಗೆ ಮುಚ್ಚಿಬಿಡುತ್ತೆ.

ಇನ್ನೊಂದು ತುದಿಯಲ್ಲಿ ಜಾರ್ಜ್ ಆರ್ವೆಲ್ ಇದ್ದಾನೆ. ತಾನು ಓದಿದ ಇಂಗ್ಲೆಂಡಿನ ಸೇಂಟ್ ಸಿಪ್ರಿಯನ್ಸ್ ವಸತಿ ಶಾಲೆಯ ಏಟು, ಹೊಲಸು, ಬಡ ಹುಡುಗರಿಗಾದ ಅವಮಾನ ಎಲ್ಲ ಬರೆದಿಟ್ಟ. ಅದು ಅಚ್ಚಾಗಿದ್ದು 1952ರಲ್ಲಿ ಅಮೆರಿಕದಲ್ಲಿ, ಅವನು ಸತ್ತು ಎರಡು ವರ್ಷಕ್ಕೆ, ಅದೂ ಶಾಲೆಯ ಹೆಸರು ಬದಲಿಸಿ. ಮಾನನಷ್ಟ ಮೊಕದ್ದಮೆಯ ಭಯ. ಅದೇ ಶಾಲೆಯಲ್ಲಿ ಜೊತೆಗೆ ಓದಿದ ಸಿರಿಲ್ ಕನಾಲಿ 1938ರಲ್ಲೇ ಬರೆದಿದ್ದ, ಅವನೂ ಹೆಸರು ಬದಲಿಸಿಯೇ. ಅಷ್ಟು ದೊಡ್ಡ ಲೇಖಕರಿಗೇ ದಶಕಗಳು ಬೇಕಾದವು ಅಂದಮೇಲೆ, ಟಿಸಿ ಇನ್ನೂ ಆಫೀಸಿನಲ್ಲಿರುವ ಹನ್ನೆರಡನೇ ಕ್ಲಾಸಿನ ಹುಡುಗನಿಂದ ಏನು ನಿರೀಕ್ಷಿಸೋಣ?

ಕನ್ನಡದಲ್ಲಿ ಹಾಸ್ಟೆಲ್ ಬಗ್ಗೆ ಬರೆದವರ ದಾರಿ ಬೇರೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಹಾಸ್ಟೆಲ್ ಬದುಕು ಬರುತ್ತೆ. ಅಲ್ಲಿ ಬಡತನ ಇದೆ, ಅವಮಾನ ಇದೆ, ಹೊಟ್ಟೆ ಹಿಡಿದು ನಗಿಸುವ ಪ್ರಸಂಗಗಳೂ ಇವೆ. ಯಾರನ್ನೂ ಮೆಚ್ಚಿಸುವ ಆತುರ ಆ ಬರಹಕ್ಕಿಲ್ಲ. ನಾನೂ ಪಿಯುಸಿಯಿಂದ ಹಾಸ್ಟೆಲ್ಲಿನಲ್ಲಿ ಬೆಳೆದವನು. ನಮಗೆ ಹಾಸ್ಟೆಲ್ ಎರಡನೇ ಮನೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಉಪ್ಪಿಟ್ಟನ್ನು ಬಾಯ್ತುಂಬ ಬೈದುಕೊಂಡೇ ಅಲ್ಲಿನ ಜನರನ್ನು ಹಚ್ಚಿಕೊಂಡ್ವಿ. ಫೀಸು ಲಕ್ಷಗಳಲ್ಲಿ ಕಟ್ಟುವ ಶಾಲೆಯ ಮಗುವಿಗೆ ಆ ಸ್ವಾತಂತ್ರ್ಯ ಕಮ್ಮಿ. ಊಟ ಚೆನ್ನಾಗಿಲ್ಲ, ರಾತ್ರಿ ಭಯವಾಗುತ್ತೆ ಅಂತ ಹೇಳಿದರೆ ಅಪ್ಪ ಅಮ್ಮನ ತ್ಯಾಗಕ್ಕೆ ಕೃತಘ್ನತೆ ತೋರಿಸಿದ ಹಾಗೆ. ನಾವು ಕಲಿಸೋ ಸ್ವಾವಲಂಬನೆಯಲ್ಲಿ ದೊಡ್ಡ ಪಾಲು ಈ ಸುಮ್ಮನಿರೋದೇ ಇರಬಹುದು.

ಅದಕ್ಕೇ ಇದು ಬರೀ ಶೈಲಿಯ ಪ್ರಶ್ನೆಯಲ್ಲ. ಹೇಳಬಾರದ್ದನ್ನು ಬಿಟ್ಟು ಬರೆಯೋದನ್ನು ಏಳು ವರ್ಷ ಅಭ್ಯಾಸ ಮಾಡಿದ ಮಗು, ನಿಜವಾಗಿ ಏನಾದರೂ ಆದಾಗಲೂ ಹೇಳದೇ ಇರಬಹುದು. ಸೀನಿಯರ್‌ಗಳು ಹೊಡೆದಾಗ, ಯಾರೋ ಕೆಟ್ಟದಾಗಿ ನಡೆದುಕೊಂಡಾಗ, ಸುಮ್ಮನೆ ಬದುಕು ಬೇಸರವಾದಾಗ. ಸಂಚಿಕೆಯಲ್ಲಿ ಒಂದು ದೂರಿಗೂ ಜಾಗ ಕೊಡದ ಶಾಲೆ, ದೂರು ಬಂದಾಗ ಹೇಗೆ ಕೇಳಿಸಿಕೊಳ್ಳುತ್ತೆ?

ಮಾಡಬಹುದಾದದ್ದು ಕಷ್ಟವೇನಲ್ಲ. 'ಶಾಲೆಯ ನೆನಪು' ಅಂತ ವಿಷಯ ಕೊಡೋ ಬದಲು ಪ್ರಶ್ನೆ ಕೊಡಿ. ನಿಮ್ಮ ಊಟ ಮಾಡಿದವರ ಹೆಸರೇನು, ಅವರೂರು ಯಾವುದು? 2018ರ ಆಗಸ್ಟಿನಲ್ಲಿ ನೀವು ಮಲಗಿದ ಮಂಚ ಯಾವ ಕಿಟಕಿ ಪಕ್ಕ ಇತ್ತು? ಇಲ್ಲಿ ಬದಲಾಗಲೇಬೇಕು ಅನ್ನಿಸಿದ್ದು ಯಾವುದು? ಅಂಥ ಹತ್ತು ಉತ್ತರಗಳನ್ನು ತಿದ್ದದೆ ಅಚ್ಚು ಹಾಕುವ ಧೈರ್ಯ ಇರೋ ಶಾಲೆಯನ್ನು ನಾನು ನಂಬ್ತೀನಿ.

ನಮ್ಮ ವಯಸ್ಸಿನ ಹಲವರು ಈಗ ಮಕ್ಕಳಿಗೆ ಶಾಲೆ ಹುಡುಕ್ತಿದ್ದೀವಿ. ವೀಕೆಂಡ್‌ನಲ್ಲಿ ಕೊಡಗಿಗೆ ಹೋಗಿ, ಕ್ಯಾಂಪಸ್ ನೋಡಿ, ಈಜುಕೊಳದ ಫೋಟೋ ತೆಗೆದುಕೊಂಡು ಬರ್ತೀವಿ. ಮುಂದಿನ ಸಲ ಹೋದಾಗ ಹಳೆಯ ಮೂರು ವರ್ಷದ ಸಂಚಿಕೆ ಕೇಳಿ ತಗೊಂಡು ಬನ್ನಿ. ಕೊನೆಯ ಪುಟಗಳನ್ನು ಪೂರ್ತಿ ಓದಿ. ಸಾಕ್ಸ್ ಮಗುಚಿದವರ ಬಗ್ಗೆ ಯಾರಾದರೂ ಬರೆದಿದ್ದರೆ, ಅರ್ಜಿ ಫಾರಂ ಆಮೇಲೆ ಕೇಳಿ.